ಪಿಎಚ್‌ಡಿ ವೈವಾ ಎಲ್ಲರೆದುರು ನಡೆಯುತ್ತೆ, ರಿವ್ಯೂ ಯಾಕೆ ಮುಚ್ಚಿಡಬೇಕು?

ನಾನು ಧಾರವಾಡದವನು, ಈಗ ಇರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ಆಹಾರ ವಿಜ್ಞಾನದ ಲ್ಯಾಬಿನಲ್ಲಿ ಕೆಲಸ, ಹಾಗಾಗಿ ಜರ್ನಲ್‌ಗಳಿಗೆ, ಅಂದರೆ ಸಂಶೋಧನಾ ಪತ್ರಿಕೆಗಳಿಗೆ, ಪೇಪರ್ ಕಳಿಸುತ್ತೇನೆ, ಬೇರೆಯವರದ್ದನ್ನು ರಿವ್ಯೂ ಕೂಡ ಮಾಡುತ್ತೇನೆ, ಅಂದರೆ ಅಚ್ಚಾಗುವ ಮೊದಲು ಓದಿ ತಪ್ಪು-ಒಪ್ಪು ಹೇಳುತ್ತೇನೆ. ಇಲ್ಲಿ ಕಂಡ ಒಂದು ಪದ್ಧತಿ ನಮ್ಮೂರಿಗೂ ಬರಲೇಬೇಕು ಅನ್ನೋದು ನನ್ನ ಹಠ. ರಿವ್ಯೂವರ್ ಬರೆದದ್ದನ್ನು ಪೇಪರ್ ಜೊತೆಗೇ ಎಲ್ಲರಿಗೂ ತೋರಿಸಬೇಕು.

ಹಾವೇರಿಯಲ್ಲಿರುವ ಅಕ್ಕನ ಮಗಳು ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಬಗ್ಗೆ ಪೇಪರ್ ಬರೆದಳು. ಮೊದಲು ಕಳಿಸಿದ ಜರ್ನಲ್‌ನಿಂದ ಎರಡು ದಿನ ಕಳೆಯೋದರೊಳಗೆ 'ಅಕ್ಸೆಪ್ಟೆಡ್' ಅಂತ ಮೇಲ್ ಬಂತು, ಕೆಳಗೆ ದುಡ್ಡು ಕಟ್ಟಲು ಅಕೌಂಟ್ ನಂಬರ್. ಪೇಪರ್ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಕಟ್ಟಬೇಡ ಅಂದೆ. ಇನ್ನೊಂದು ಕಡೆ ಕಳಿಸಿದಳು, ಮಳೆಗಾಲ ಪೂರ್ತಿ ಸುದ್ದಿಯಿಲ್ಲ, ಆಮೇಲೆ ಇಬ್ಬರು ರಿವ್ಯೂವರ್‌ಗಳ ಪ್ರಶ್ನೆಗಳು ಪುಟಗಟ್ಟಲೆ ಬಂದವು. ಮೊದಲ ಕೊಯ್ಲಿನ ಕಾಯೋ, ಎರಡನೇದೋ? ಎಷ್ಟು ದಿನ ಬಿಸಿಲಿಗೆ ಹಾಕಿದ್ದಿರಿ? ಪುಡಿ ಮಾಡೋ ಮೊದಲು ಬೀಜ ತೆಗೆದಿರಾ? "ಮಾಮಾ, ಎಷ್ಟ ಕೆದಕ್ಯಾರ ನೋಡ್ರಿ" ಅಂತ ಫೋನ್ ಮಾಡಿದಳು. ಕೆದಕಬೇಕಾದ್ದನ್ನೇ ಕೆದಕಿದ್ದರು. ಬಣ್ಣ ಇರೋದು ಸಿಪ್ಪೆಯಲ್ಲಿ, ಬೀಜ ಸೇರಿದರೆ ಅಳತೆ ಇಳಿಯುತ್ತೆ, ಅದನ್ನು ಪೇಪರ್‌ನಲ್ಲಿ ಹೇಳಿರಲೇ ಇಲ್ಲ.

ಯುರೋಪಿನ ಜೀವವಿಜ್ಞಾನ ಪತ್ರಿಕೆ ಎಂಬೊ ಜರ್ನಲ್ 2009ರಿಂದಲೇ ಇಂಥ ಪ್ರಶ್ನೋತ್ತರವನ್ನು ಪೇಪರ್ ಜೊತೆ ಹಾಕುತ್ತಿದೆ. ನೇಚರ್ ಪತ್ರಿಕೆ 2025ರಲ್ಲಿ ಹೊಸ ಸಂಶೋಧನಾ ಪೇಪರ್‌ಗಳಿಗೆಲ್ಲ ಇದನ್ನೇ ನಿಯಮ ಮಾಡಿತು. ರಿವ್ಯೂವರ್ ಹೆಸರು ಹೇಳೋದು ಬಿಡೋದು ಅವರಿಗೇ ಬಿಟ್ಟದ್ದು. ಅದು ಸರಿ ಕೂಡ, ಈಗಷ್ಟೇ ಕೆಲಸಕ್ಕೆ ಸೇರಿದವನು ದೊಡ್ಡ ಪ್ರೊಫೆಸರ್ ತಪ್ಪನ್ನು ಹೆಸರು ಹಾಕಿ ಬರೆಯೋದು ಕಷ್ಟ ಅಲ್ವಾ? ಈ ಪದ್ಧತಿಯಲ್ಲೂ ತಿಂಗಳುಗಟ್ಟಲೆ ತಡ ಆಗುತ್ತೆ, ರಿವ್ಯೂವರ್‌ಗೆ ಸಾಮಾನ್ಯವಾಗಿ ಬಿಡಿಗಾಸೂ ಸಿಗೋದಿಲ್ಲ. ಆದರೆ ನಾಳೆ ನಾಲ್ಕು ಜನ ಓದುತ್ತಾರೆ ಅಂದಾಗ ಯಾರೂ ಸುಮ್ನೆ 'ಚೆನ್ನಾಗಿದೆ' ಅಂತ ಒಂದು ಸಾಲು ಗೀಚಿ ಕಳಿಸೋದಿಲ್ಲ.

ನಮ್ಮಲ್ಲಿ 2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಪಿಎಚ್‌ಡಿ ಥೀಸಿಸ್ ಕೊಡುವ ಮುಂಚೆ ಒಂದು ಪೇಪರ್ ಕಡ್ಡಾಯ ಮಾಡಿತ್ತು. ದುಡ್ಡು ತಗೊಂಡು ಅಚ್ಚು ಹಾಕುವವರಿಗೆ ಅದು ಸುಗ್ಗಿಯಾಯಿತು. 2022ರಲ್ಲಿ ಆ ಕಡ್ಡಾಯ ಹೋಯಿತು, 2025ರಲ್ಲಿ ಒಪ್ಪಿಗೆಯಾದ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯೂ ಹೋಯಿತು. ಒಳ್ಳೆ ಜರ್ನಲ್ ಯಾವುದು ಅಂತ ಆಯಾ ವಿಶ್ವವಿದ್ಯಾಲಯವೇ ನೋಡಿಕೊಳ್ಳಬೇಕು ಈಗ.

ನೋಡೋದು ಹೇಗೆ ಅಂದರೆ, ರಿವ್ಯೂ ಪತ್ರ ಕೇಳಿ. ಪ್ರಮೋಷನ್‌ಗೆ ಪೇಪರ್ ಲಗತ್ತಿಸುವವರು ರಿವ್ಯೂವರ್ ಪ್ರಶ್ನೆಗಳನ್ನೂ ತಾವು ಕೊಟ್ಟ ಉತ್ತರವನ್ನೂ ಲಗತ್ತಿಸಲಿ. ನಮ್ಮ ಪಿಎಚ್‌ಡಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಹೇಗಿದ್ದರೂ ಬಹಿರಂಗವಾಗಿಯೇ ನಡೆಯುತ್ತೆ, ಗೈಡ್ ಎದುರೇ ಹೊರಗಿನ ಪರೀಕ್ಷಕರು ಪ್ರಶ್ನೆ ಹಾಕುತ್ತಾರೆ, ಅದನ್ನು ಯಾರೂ ಅವಮಾನ ಅಂದುಕೊಳ್ಳೋದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಜರ್ನಲ್ ತರುತ್ತೆ. ಮುಂದಿನ ಒಂದು ಸಂಚಿಕೆಯಲ್ಲಿ, ಲೇಖಕರನ್ನೂ ರಿವ್ಯೂವರ್‌ಗಳನ್ನೂ ಮೊದಲೇ ಕೇಳಿ, ರಿವ್ಯೂಗಳನ್ನೂ ಅಚ್ಚು ಹಾಕಿ ನೋಡಲಿ.