ಮೂರು ಗಂಟೆಗೆ ನೆಲ ಮುಟ್ಟಿಸುವ ಹಾಸಿಗೆ

ಇವತ್ತೂ ನೆಲದ ಮೇಲೆಯೇ ಎದ್ದೆ. ಮಲಗಿದ್ದು ಮಾತ್ರ ಹಾಸಿಗೆ ಮೇಲೆ. ರಾತ್ರಿ ಹತ್ತೂವರೆಗೆ ತಟ್ಟಿದರೆ ಡೊಳ್ಳಿನ ಹಾಗೆ ಸದ್ದು ಮಾಡುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಸೊಂಟ ನೆಲಕ್ಕೆ, ತಲೆ ಕಾಲು ಮೇಲಕ್ಕೆ. ಜೋಳಿಗೆಯಲ್ಲಿ ಮಲಗಿಸಿದ ಕೂಸಿನ ಹಾಗೆ ನಾನು.

ಗಾಳಿ ಹಾಸಿಗೆ. ಆನ್‌ಲೈನ್‌ನಲ್ಲಿ ತರಿಸಿದ್ದು, 2,400 ರೂಪಾಯಿ. ತೋಟಕ್ಕೂ ಆಯ್ತು, ಟೆಂಟ್‌ಗೂ ಆಯ್ತು, ನೆಂಟರು ಬಂದರೆ ಮನೆಗೂ ಆಯ್ತು ಅಂತ ಲೆಕ್ಕ ಹಾಕಿದ್ದೆ. ಮೊದಲ ಸಲ ಹೊತ್ತುಕೊಂಡು ಹೋಗಿದ್ದು ಹಿರಿಯೂರು ಕಡೆ ಗೆಳೆಯನ ತೋಟಕ್ಕೆ, ಮಾರಿಕಣಿವೆ ಹತ್ತಿರ. ಬೆಳಗಿನ ಜಾವ ಬೆನ್ನಿಗೆ ಕಲ್ಲು ಒತ್ತಿ ಎಚ್ಚರವಾಯಿತು. ಎದ್ದು ಕೂತೆ. ಅಲ್ಲಿರುವ ಅಣೆಕಟ್ಟು 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು 2022ರಲ್ಲೇ. ಅದು ಅಷ್ಟು ವರ್ಷ ನೀರು ಹಿಡಿದುಕೊಂಡು ನಿಂತಿದೆ. ಇದಕ್ಕೆ ಐದು ತಾಸು ಗಾಳಿ ಹಿಡಿಯೋಕಾಗಲ್ವಾ?

ಮಾರಿದವರಿಗೆ ಫೋನ್ ಮಾಡಿದೆ. "ಹೊಸ ಪ್ಲಾಸ್ಟಿಕ್ ಸರ್, ಮೊದಲ ಮೂರ್ನಾಲ್ಕು ದಿನ ಹಿಗ್ಗುತ್ತೆ, ಮತ್ತೆ ಗಾಳಿ ತುಂಬಿ" ಅಂದರು. ಈ ಮಾತು ಸುಳ್ಳಲ್ಲ. ಪಿವಿಸಿ ಮೊದಮೊದಲು ಹಿಗ್ಗುತ್ತದೆ, ಗಾಳಿ ಹೋಗದಿದ್ದರೂ ಮೆತ್ತಗಾಗುತ್ತದೆ. ನಂಬಿ ತುಂಬುತ್ತಾ ಕೂತೆ. ವಾಪಸ್ ಕೊಡೋಕೆ ಇದ್ದಿದ್ದು ಏಳೇ ದಿನ. ಎಂಟನೇ ದಿನ ಫೋನ್ ಮಾಡಿದರೆ, "ತೂತಿನ ಫೋಟೋ ಕಳಿಸಿ ಸರ್." ಅಲ್ಲಾ ಸ್ವಾಮಿ, ತೂತು ಕಣ್ಣಿಗೆ ಬಿದ್ದಿದ್ದರೆ ನಿಮಗ್ಯಾಕೆ ಫೋನ್ ಮಾಡುತ್ತಿದ್ದೆ?

ಪಂಕ್ಚರ್ ಅಂಗಡಿಗೆ ಒಯ್ದೆ. ಸೈಕಲ್ ಟ್ಯೂಬ್ ಆದರೆ ಅವನು ಬೋಗುಣಿ ನೀರಲ್ಲಿ ಒಂದು ಸುತ್ತು ತಿರುಗಿಸಿ ಗುಳ್ಳೆ ತೋರಿಸಿಬಿಡುತ್ತಾನೆ. ಇದನ್ನು ಬಿಚ್ಚಿ ಉದ್ದ ಅಗಲ ನೋಡಿ, "ಇದನ್ನ ಮುಳುಗ್ಸಾಕೆ ಸೂಳೆಕೆರೆಗೇ ಹೋಗ್ಬೇಕು ಬಿಡ್ರಿ ಸರ್" ಅಂದ. ಸೊಲ್ಯೂಷನ್ ಆದರೂ ಹಚ್ಚು ಅಂದರೆ ಅದೂ ಆಗಲ್ಲವಂತೆ. ಅದು ರಬ್ಬರ್‌ಗೆ ಮಾತ್ರ, ಇದಕ್ಕೆ ಹಿಡಿಯಲ್ಲ. ಒಂದು ಪೈಸೆನೂ ತಗೊಳ್ಳಲಿಲ್ಲ. ಇಡೀ ಪ್ರಕರಣದಲ್ಲಿ ಪೂರ್ತಿ ನಿಜ ಹೇಳಿದವನು ಅವನೊಬ್ಬನೇ.

ಆಮೇಲೆ ಟೆರೇಸ್ ಮೇಲೆ ನಾನೇ ಪತ್ತೇದಾರ. ಬಕೆಟ್‌ನಲ್ಲಿ ನೀರು, ಅದಕ್ಕೆ ಒಂದು ಶಾಂಪೂ ಸ್ಯಾಶೆ, ಹಳೇ ಸ್ಪ್ರೇ ಬಾಟಲಿ. ಮೊದಲು ಗಾಳಿ ತುಂಬುವ ವಾಲ್ವ್ ನೋಡಿದೆ. ಒಂದು ಕೂದಲೋ ಮರಳಿನ ಕಾಳೋ ಸಿಕ್ಕಿಕೊಂಡರೆ ಸಾಕು, ಅಲ್ಲೇ ಸೋರುತ್ತದೆ. ಅಲ್ಲಿ ಏನೂ ಇರಲಿಲ್ಲ. ದೊಡ್ಡ ತೂತಾದರೆ ಬುಸ್ ಅಂತ ನೊರೆ ಬರುತ್ತದೆ. ಈ ಕಳ್ಳ ತೂತು ಹಾಗಲ್ಲ. ಗೇಣುಗೇಣು ಜಾಗಕ್ಕೆ ನೀರು ಹೊಡೆದು ಒಂದು ನಿಮಿಷ ಕಣ್ಣು ಮಿಟುಕಿಸದೆ ಕಾಯಬೇಕು. ಸಾಸಿವೆ ಕಾಳಿನಷ್ಟು ಗುಳ್ಳೆ ಒಂದರ ಪಕ್ಕ ಒಂದು ಏಳುತ್ತವೆ. ಮೇಲ್ಗಡೆ ವೆಲ್ವೆಟ್ ಬೇರೆ ಕೊಟ್ಟಿದ್ದಾರೆ, ಮೆತ್ತಗಿರಲಿ ಅಂತ. ಸೋಪಿನ ನೊರೆಯೆಲ್ಲ ಅದರಲ್ಲೇ ಕೂರುತ್ತದೆ, ಯಾವುದು ಗುಳ್ಳೆ ಯಾವುದು ನೊರೆ ಗೊತ್ತಾಗಲ್ಲ.

ಒಂದೂವರೆ ತಾಸಿಗೆ ಸಿಕ್ಕಿತು. ಅಡಿಭಾಗದಲ್ಲಿ, ಸೂಜಿ ಚುಚ್ಚಿದಷ್ಟು. ತೋಟದ ಜಾಲಿ ಮುಳ್ಳಿನ ಕೆಲಸವೇ ಇರಬೇಕು. ಖುಷಿಯಲ್ಲಿ ಮಾರ್ಕರ್‌ನಿಂದ ಸುತ್ತು ಹಾಕಿದೆ. ಎಣ್ಣೆ ಜಿಡ್ಡು ಹೋಗಲಿ ಅಂತ ಸ್ಪಿರಿಟ್ ಹಾಕಿ ಒರೆಸಿದೆ. ಜಿಡ್ಡಿನ ಜೊತೆ ಗುರುತೂ ಹೋಯಿತು! ಮತ್ತೆ ಶಾಂಪೂ, ಮತ್ತೆ ಗುಳ್ಳೆ. ಎರಡನೇ ಸಲ ತಟ್ಟೆಯಷ್ಟು ದೊಡ್ಡ ಸುತ್ತು ಹಾಕಿ, ಒಳಗೆ ಮಾತ್ರ ಒರೆಸಿದೆ.

ಡಬ್ಬಿಯಲ್ಲಿ ಕೊಟ್ಟಿದ್ದ ತೇಪೆ ಬಿಂದಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೊದಲ ರಾತ್ರಿಗೇ ಎದ್ದು ಬಂತು. ತಕ್ಷಣ ಅಂಟುವ ಗಮ್ ಹಾಕಿದೆ. ಅದು ಗಾಜಿನ ಹಾಗೆ ಗಟ್ಟಿಯಾಗಿ, ಹಾಸಿಗೆ ಬಾಗಿದ ಕೂಡಲೇ ಬಿರುಕು ಬಿಟ್ಟಿತು. ಕೊನೆಗೆ ಪಿವಿಸಿಗೆ ಅಂತಲೇ ಬರುವ, ಒಣಗಿದ ಮೇಲೂ ಬಾಗುವ ಗಮ್ ತರಿಸಿ, ಮಗಳ ಹಳೇ ಈಜು ಟ್ಯೂಬ್ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಪೂರ್ತಿ ಗಾಳಿ ತೆಗೆದು ಅಂಟಿಸಿದೆ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಇದೆಲ್ಲ ಕಲಿಯೋಕೆ ನಾನೇನು ಕಾಲೇಜಿಗೆ ಸೇರಿದ್ದೆನಾ? ನಿದ್ದೆ ಮಾಡೋಕೆ ತಂದಿದ್ದು ಇದು!

ತೇಪೆ ನಿಂತಿತು. ಆದರೂ ಬೆಳಿಗ್ಗೆ ಮೆತ್ತಗೆ. ಚಳಿಗೆ ಇರಬಹುದು ಅಂದುಕೊಂಡೆ. ಮಧ್ಯಾಹ್ನ 30 ಡಿಗ್ರಿಯಲ್ಲಿ ತುಂಬಿದ ಗಾಳಿ ಬೆಳಗಿನ ಜಾವ 18ಕ್ಕೆ ಬಂದರೆ ಅದರ ಗಾತ್ರವೇ ಶೇಕಡಾ 4ರಷ್ಟು ಕುಗ್ಗುತ್ತದೆ. ಅದಕ್ಕೆ ಸೊಂಟ ನೆಲ ಮುಟ್ಟಲ್ಲ ಅಲ್ವಾ? ಒಂದು ರಾತ್ರಿ ಯಾರೂ ಮಲಗದೆ ಸುಮ್ನೆ ಬಿಟ್ಟೆ. ಬೆಳಿಗ್ಗೆ ಡೊಳ್ಳಿನ ಹಾಗೇ ಇತ್ತು! ನಾನು ಮಲಗಿದರೆ ಮಾತ್ರ ಸೋರುವ ಹಾಸಿಗೆ. "ಚಾಪೆ ಹಾಸ್ಕೊಂಡು ಮಲ್ಕೊಳ್ಳಪ್ಪ ಅಂದ್ರೆ ಕೇಳಲ್ಲ" ಅಂತ ಅಮ್ಮ.

ಇವತ್ತು ಮಧ್ಯಾಹ್ನ ಮಗಳನ್ನು ಮೇಲೆ ಕೂರಿಸಿ ನೀರು ಹೊಡೆದೆ. ವಾಲ್ವ್ ಪಕ್ಕದ ಜೋಡಣೆಯಲ್ಲಿ, ಅವಳು ಕುಣಿದಾಗಲೆಲ್ಲ ಬಾಯಿ ಬಿಡುವ ಒಂದು ಗೆರೆ. ಜೋಡಣೆಯೇ ಬಿರಿದರೆ ತೇಪೆ ನಿಲ್ಲೋದು ಕಷ್ಟ. ಆದರೂ ಗಮ್ ಹಚ್ಚಿ, ಮೇಲೆ 25 ಕೆಜಿ ಅಕ್ಕಿ ಮೂಟೆ ಹೇರಿದ್ದೇನೆ. 24 ಗಂಟೆ ಅಲುಗಾಡಬಾರದು. ಈಗ ಅಮ್ಮ ಅನ್ನಕ್ಕೆ ಇಡಬೇಕು, ಅಕ್ಕಿ ಎಲ್ಲಿ ಅಂತ ಕೇಳುತ್ತಿದ್ದಾಳೆ. ಮೂಟೆ ಎತ್ತಲ್ಲ ಅಂದಿದ್ದೇನೆ. ರಾತ್ರಿ ಊಟಕ್ಕೆ ಮಂಡಕ್ಕಿ ಮಿರ್ಚಿ ತರೋಕೆ ಹೊರಟೆ.