ಅವಳನ್ನ ‘ಪಾಪ’ ಅನ್ನಬೇಡಿ

ಈ ಪೋಸ್ಟಿಗೆ ಫೋಟೋ ಇಲ್ಲ. ಅವಳ ಕಡೆಯವರು ಕ್ಯಾಮೆರಾ ಮುಂದೆ ನಿಲ್ಲುವವರಲ್ಲ, ನಾನೂ ಕೇಳಿದವಳಲ್ಲ. ಹೆಸರೂ ಬರೆಯುವುದಿಲ್ಲ. ಸಂತೆಯಲ್ಲಿ ಚೀಸ್ ಮಾರುತ್ತಿದ್ದ ಹುಡುಗಿ, ತೀರಿಹೋಗಿ ಒಂದು ವರ್ಷವಾಯಿತು. ಮೊನ್ನೆ ಫೋನಿನಲ್ಲಿ ಅತ್ತಿಗೆಗೆ ಅವಳ ಕಥೆ ಹೇಳಿದೆ. ಮುಗಿಸುವಷ್ಟರಲ್ಲಿ ನಾಲ್ಕು ಸಲ ‘ಪಾಪ’ ಅಂದರು. ಅದಕ್ಕೇ ಈ ಬರಹ.

ನಾವು ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಬಂದ ಹೊಸತು. ಎಫ್ರಾಟಾ ಕಡೆಯ ಶುಕ್ರವಾರದ ಸಂತೆಗೆ ತಪ್ಪದೆ ಹೋಗುತ್ತಿದ್ದೆ. ಅಲ್ಲಿ ಅವರ ಮನೆಯವರ ಚೀಸ್ ಅಂಗಡಿ. ಎತ್ತರದ ಸ್ಟೂಲಿಗೆ ಒರಗಿಕೊಂಡು ಅವಳು ಚೀಸ್ ಕತ್ತರಿಸುತ್ತಿದ್ದಳು. ಸಣ್ಣ ಹೂವಿನ ಉದ್ದ ಗೌನು, ತಲೆಗೆ ಬಿಳಿ ಟೋಪಿ, ಕಡ್ಡಿಯಂಥ ಕೈ. ಇಪ್ಪತ್ತೆರಡು ವರ್ಷದವಳು ಹದಿನಾಲ್ಕರವಳ ಹಾಗೆ ಕಾಣುತ್ತಿದ್ದಳು. ಇಲ್ಲಿ ಕಾರು ಬಿಟ್ಟು ಕುದುರೆಗಾಡಿಯಲ್ಲಿ ಓಡಾಡುವ, ಹಳೇ ಪದ್ಧತಿಯ ಕ್ರೈಸ್ತ ಪಂಗಡಗಳಿವೆ. ನೀವು ಆಮಿಶ್ ಪಂಗಡದವರು ಅಲ್ವಾ ಅಂತ ಕೇಳಿ ಬೈಸಿಕೊಂಡೆ. ‘ನಾವು ಮೆನೊನೈಟ್. ನಮ್ಮ ಕುದುರೆಗಾಡಿ ಕಪ್ಪು, ಅವರದ್ದು ಬೂದು. ನಾವು ಸೈಕಲ್ ತುಳೀತೀವಿ, ಅವರು ತುಳಿಯಲ್ಲ.’ ಅಷ್ಟು ಹೇಳಿ ಚಾಕು ಒರೆಸಿಕೊಂಡಳು.

ಅರ್ಧ ಪೌಂಡ್ ಕೇಳಿದರೆ ಒಂದೇ ಏಟಿಗೆ ಕತ್ತರಿಸಿ ತಕ್ಕಡಿಗೆ ಹಾಕುತ್ತಿದ್ದಳು. ಕೂದಲೆಳೆ ಆಚೀಚೆ ಇರುತ್ತಿರಲಿಲ್ಲ. ಯಾವುದು ರುಚಿ ಅಂತ ಕೇಳಿದರೆ ಮಾತ್ರ, ‘ಗಿರಾಕಿಗಳು ಇದನ್ನೇ ಮತ್ತೆ ಮತ್ತೆ ಕೇಳ್ತಾರೆ’ ಅಂತ ಬೆರಳು ತೋರಿಸುತ್ತಿದ್ದಳು. ಅವಳು ಜೀವಮಾನದಲ್ಲಿ ಒಂದು ಚೂರು ಚೀಸ್ ತಿಂದವಳಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಮೇಪಲ್ ಸಿರಪ್ ಯೂರಿನ್ ಡಿಸೀಸ್ ಅಂತ ಕಾಯಿಲೆ. ಪ್ರೋಟೀನಿನಲ್ಲಿರುವ ಮೂರು ಅಮೈನೋ ಆಮ್ಲಗಳನ್ನು ಈ ಮೈ ಅರಗಿಸಿಕೊಳ್ಳುವುದಿಲ್ಲ. ಅವು ರಕ್ತದಲ್ಲಿ ಏರಿದರೆ ಮಿದುಳು ಬಾತುಕೊಳ್ಳುತ್ತದೆ. ಮಗುವಿನ ಮೂತ್ರ ಮೇಪಲ್ ಮರದ ರಸದ ಪಾಕದ ಹಾಗೆ, ಸುಟ್ಟ ಸಕ್ಕರೆಯ ವಾಸನೆ ಹೊಡೆಯುತ್ತದೆ, ಹೆಸರು ಅದರಿಂದ ಬಂದದ್ದು. ಬೇರೆ ಕಡೆ ಒಂದೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಒಂದಕ್ಕೆ ಬಂದರೆ, ಇಲ್ಲಿನ ಹಳೇ ಪದ್ಧತಿಯ ಮೆನೊನೈಟರಲ್ಲಿ ಸುಮಾರು 380ಕ್ಕೆ ಒಂದು ಮಗುವಿಗೆ ಬರುತ್ತದೆ. ದೊಡ್ಡವರಾದ ಮೇಲೇ ದೀಕ್ಷಾಸ್ನಾನ, ಯುದ್ಧಕ್ಕೆ ಹೋಗುವುದಿಲ್ಲ ಅಂತ ಹಟ ಹಿಡಿದು ಯುರೋಪಿನಲ್ಲಿ ಒದೆ ತಿಂದು ಓಡಿಬಂದವರು ಇವರು. ಬಂದದ್ದು ಕೆಲವೇ ಮನೆತನ, ಹೆಣ್ಣು ಕೊಟ್ಟು ತರುವುದೆಲ್ಲ ತಮ್ಮೊಳಗೇ. ಅಲ್ಲಿ ಯಾರೋ ಒಬ್ಬರ ಮೈಯಲ್ಲಿದ್ದದ್ದು ಇವಳವರೆಗೂ ಬಂತು.

ಹಾಗಾಗಿ ಹುಟ್ಟಿದಾಗಿನಿಂದ ಅವಳ ತಟ್ಟೆಗೆ ಬಿದ್ದದ್ದೆಲ್ಲ ಗ್ರಾಮ್ ಲೆಕ್ಕದಲ್ಲಿ ತೂಗಿಯೇ ಬೀಳುತ್ತಿತ್ತು. ಆಲೂಗಡ್ಡೆಯನ್ನೂ ತೂಗಬೇಕು, ಅನ್ನವನ್ನೂ ತೂಗಬೇಕು. ಉಳಿದದ್ದು ಒಂದು ವಾಸನೆ ಪುಡಿಯನ್ನು ನೀರಿಗೆ ಕಲಸಿ ಕುಡಿಯುವುದು. ಆ ಒಂದೇ ಏಟಿನ ಅರ್ಧ ಪೌಂಡ್ ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು ನನಗೆ.

ನಿಮ್ಮೂರಲ್ಲಿ ಪ್ರೋಟೀನ್ ಇಲ್ಲದ ತಿಂಡಿ ಏನಿದೆ ಅಂತ ಒಂದಿನ ಕೇಳಿದಳು. ಚಿತ್ರಾನ್ನಕ್ಕೆ ಕಡಲೆಕಾಯಿ, ಕೋಸಂಬರಿಗೆ ಬೇಳೆ, ಯೋಚಿಸಿದಷ್ಟೂ ಬೇಳೆಯೇ. ಕೊನೆಗೆ ಸಬ್ಬಕ್ಕಿ ನೆನಪಾಯಿತು. ಅದರಲ್ಲಿ ಬರೀ ಗಂಜಿ ತಾನೆ. ರಾತ್ರಿ ಸಾಗರಕ್ಕೆ ಫೋನ್ ಮಾಡಿ, ‘ಅಮ್ಮ, ನೀನು ಕಳಿಸಿದ ಸಂಡಿಗೆಗೆ ಮಜ್ಜಿಗೆ ಹಾಕಿದ್ದೀಯಾ?’ ಅಂತ ಕೇಳಿದೆ. ‘ಇಲ್ಲ ಕಣೆ, ಈ ಸಲ ನಿಂಬೆಹುಳಿ. ಯಾಕೆ, ಹಾಳಾಯ್ತಾ?’ ಅಂದಳು. ಮರುವಾರ ಕರಿದು ತೆಗೆದುಕೊಂಡು ಹೋದೆ. ತಕ್ಕಡಿ ಮೇಲೆ ಕಾಗದ ಹಾಸಿ ತೂಗಿದಳು, ಪುಸ್ತಕದಲ್ಲಿ ಬರೆದುಕೊಂಡಳು, ಆಮೇಲೆ ತಿಂದಳು. ಕುರುಕುರು ಅಂತ ಶಬ್ದ ಬಂದದ್ದಕ್ಕೆ ನಾಚಿಕೊಂಡು ನಕ್ಕಳು. ಇನ್ನೊಂದು ಕೊಡಲಾ ಅಂದರೆ, ‘ಮುಂದಿನ ಶುಕ್ರವಾರ’ ಅಂದಳು. ಎರಡು ವರ್ಷ ಹಾಗೇ ನಡೆಯಿತು.

ಆಧುನಿಕ ವೈದ್ಯ ಬೇಡ ಅನ್ನುವ ಜನ ಇರಬೇಕು ಅಂತ ಅತ್ತಿಗೆ ಅಂದರು. ತಪ್ಪು. 1989ರಲ್ಲಿ ಹೋಮ್ಸ್ ಮಾರ್ಟನ್ ಅನ್ನುವ ಡಾಕ್ಟರು ಇದೇ ಕೌಂಟಿಯ ಸ್ಟ್ರಾಸ್‌ಬರ್ಗ್‌ನಲ್ಲಿ ಇಂಥ ಮಕ್ಕಳಿಗಾಗಿಯೇ ಕ್ಲಿನಿಕ್ ಶುರು ಮಾಡಿದಾಗ, ಒಬ್ಬರ ಕೊಟ್ಟಿಗೆಯನ್ನು ಊರೆಲ್ಲ ಸೇರಿ ಕಟ್ಟಿಕೊಡುವ ಇವರ ವಾಡಿಕೆಯ ಹಾಗೇ, ಊರವರೇ ಸೇರಿ ಅದರ ಕಟ್ಟಡ ಎತ್ತಿದರು. ಹೆಂಗಸರು ಹೊಲಿದ ಕೌದಿ ಹರಾಜು ಹಾಕಿ ದುಡ್ಡು ಕೂಡಿಸುತ್ತಾರೆ, ಇವತ್ತಿಗೂ. ನಮ್ಮ ತಾಲೂಕಿನ ಹಂದಿಗೋಡು ಕಾಯಿಲೆ 1970ರ ದಶಕದಿಂದ ಗೊತ್ತಿದೆ. ಸೊಂಟ, ಮಂಡಿ ಸವೆದು ನಡೆಯಲಾಗದವರನ್ನು ನೋಡುತ್ತಲೇ ಬೆಳೆದವಳು ನಾನು. ‘ಪಾಪ’ ಅಂದು ಬಸ್ ಹತ್ತಿದವಳೂ ನಾನೇ. ಅವರಿಗೆ ಒಂದು ಕೌದಿ ಹೊಲಿಯಲಿಲ್ಲ.

ಅವಳ ಮೇಲೆ ನನಗೆ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಲಿವರ್ ಕಸಿ ಮಾಡಿದರೆ ಈ ಕಾಯಿಲೆಯವರು ಎಲ್ಲರ ಹಾಗೆ ಉಣ್ಣಬಹುದು. ತೆಗೆದ ಲಿವರನ್ನು ಬೇರೆ ರೋಗಿಗೆ ಹಾಕಲೂ ಬರುತ್ತದೆ, ಯಾಕೆಂದರೆ ಆ ಬೇರೆ ರೋಗಿಯ ಮೈಯ ಉಳಿದ ಭಾಗ ಅಮೈನೋ ಆಮ್ಲ ಅರಗಿಸುವ ಕೆಲಸ ಮಾಡಿಕೊಳ್ಳುತ್ತದೆ. ಮನೆಯವರು ಒಪ್ಪಿದ್ದರು. ಅವಳೇ ಬೇಡ ಅಂದಳು. ‘ನನಗೆ ಈ ತೂಕ ಅಭ್ಯಾಸ ಆಗಿದೆ’ ಅಂದಳು. ಎಂಥ ಹಟ! ಹೋದ ಚಳಿಗಾಲದಲ್ಲಿ ಫ್ಲೂ ಬಂತು. ಜ್ವರದಲ್ಲಿ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ಆಗ ತೂಗಿ ತಿಂದದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕನೇ ದಿನ ಹೋದಳು.

ಮಣ್ಣಿಗೆ ಹೋಗಿದ್ದೆ. ಕಪ್ಪು ಗಾಡಿಗಳ ಸಾಲು, ಬರೀ ಮರದ ಪೆಟ್ಟಿಗೆ. ಹೂವಿಲ್ಲ, ವಾದ್ಯವಿಲ್ಲ. ಜರ್ಮನ್ ಹಾಡನ್ನು ಎಷ್ಟು ನಿಧಾನಕ್ಕೆ ಹಾಡುತ್ತಾರೆ ಅಂದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಕಾಲು ಮರಗಟ್ಟಿತು. ಅವಳು ಎಷ್ಟು ಒಳ್ಳೆಯವಳು ಅಂತ ಯಾರೂ ಭಾಷಣ ಮಾಡಲಿಲ್ಲ. ಅದು ನನಗೆ ಹಿಡಿಸಿತು.

ಮುಂದಿನ ತಿಂಗಳು ಸಂತೆಗೆ ಹೋದಾಗ ಅಂಗಡಿಯಲ್ಲಿ ಅವಳ ತಂಗಿ ಇದ್ದಳು. ಅರ್ಧ ಪೌಂಡ್ ಕೇಳಿದೆ. ಜಾಸ್ತಿ ಬಂತು, ಒಂದು ಚೂರು ಕತ್ತರಿಸಿ ತೆಗೆದಳು, ಈಗ ಕಡಿಮೆಯಾಯಿತು. ಆ ಹುಡುಗಿಯ ಮುಖ ಕೆಂಪಾಯಿತು. ಆಮೇಲೆ ಮೇಜಿನ ಕೆಳಗಿಂದ ಅಕ್ಕನ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ‘ಸಂಡೇ-ಗೆ’ ಅಂತ ಬರೆದಿತ್ತು, ಪಕ್ಕದಲ್ಲಿ ತೂಕ, ಅದರ ಪಕ್ಕ ಪ್ರೋಟೀನ್ ಸೊನ್ನೆ.

‘ಎಣ್ಣೆ ಎಷ್ಟು ಕಾಯಬೇಕು ಅಂತ ಬರೆದಿಲ್ಲವಲ್ಲ’ ಅಂತ ಕೇಳಿದಳು.