ಎಲ್ಲಿ ನಿಲ್ಲಬೇಕೆಂಬ ತರಬೇತಿ

2013ರ ಏಪ್ರಿಲ್ 17ರಂದು ಟೆಕ್ಸಸ್‌ನ ವೆಸ್ಟ್ ಎಂಬ ಸಣ್ಣ ಊರಿನ ಗೊಬ್ಬರದ ಗೋದಾಮಿಗೆ ಬೆಂಕಿ ಬಿದ್ದು, ಅಲ್ಲಿದ್ದ ಅಮೋನಿಯಂ ನೈಟ್ರೇಟ್ ಸಿಡಿದು 15 ಮಂದಿ ಸತ್ತರು. ಅವರಲ್ಲಿ 12 ಮಂದಿ ನೆರವಿಗೆ ಧಾವಿಸಿದವರು. ಅದೇ ತಿಂಗಳು ನಮ್ಮ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ, ಹರಡಿದ ಅನಿಲಕ್ಕೆ ಬೆಂಕಿ ಹತ್ತಿ ಜೀವಗಳು ಹೋದವು, ರಸ್ತೆಬದಿಯ ಮನೆಗಳು ಸುಟ್ಟವು. ಕರಾವಳಿಯಲ್ಲಿ ಹುಟ್ಟಿ, ಈಗ ಹ್ಯೂಸ್ಟನ್ ಬಳಿ ರಾಸಾಯನಿಕ ಸುರಕ್ಷತೆಯ ಕೆಲಸದಲ್ಲಿರುವ ನಾನು ಈ ಎರಡನ್ನೂ ಒಟ್ಟಿಗೇ ನೆನೆಯುತ್ತೇನೆ.

ಇಂಥ ಕಡೆಗೆ ನೆರವಿಗೆ ಧಾವಿಸುವವರಿಗಾಗಿ ಇಲ್ಲಿ ಬಳಕೆಗೆ ಬರುತ್ತಿರುವ ವರ್ಚುವಲ್ ರಿಯಾಲಿಟಿ (ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೇ ಇರುವಂತೆ ಮಾಡುವ) ತರಬೇತಿಯಲ್ಲಿ, ಕಣ್ಣು ಮುಚ್ಚುವ ಹೆಡ್‌ಸೆಟ್ ಧರಿಸಿದವರಿಗೆ ಮಗುಚಿದ ಟ್ಯಾಂಕರ್ ಕಾಣುತ್ತದೆ. ಅವರು ಗಾಳಿ ಬೀಸುವ ದಿಕ್ಕನ್ನು ಗಮನಿಸಿ, ಗಾಳಿಗೆ ಬೆನ್ನು ಕೊಟ್ಟು ಎತ್ತರದಲ್ಲಿ ನಿಂತು, ಟ್ಯಾಂಕರಿನ ಫಲಕದ ಮೇಲಿನ, ಅಡುಗೆ ಅನಿಲವನ್ನು ಸೂಚಿಸುವ 1075 ಎಂಬ ಸಂಖ್ಯೆಯನ್ನು ದುರ್ಬೀನಿನಲ್ಲಿ ಓದಬೇಕು. ತುರ್ತು ಕೈಪಿಡಿಯಲ್ಲಿ ಆ ಸಂಖ್ಯೆಗೆ ಕೊಟ್ಟಿರುವ 115ನೇ ಮಾರ್ಗಸೂಚಿಯನ್ನು ತೆರೆದು, ಟ್ಯಾಂಕರಿಗೇ ಬೆಂಕಿ ತಗುಲಿದ್ದರೆ ಸುತ್ತಲಿನ 1600 ಮೀಟರ್ ಜಾಗದಿಂದ ಜನರನ್ನು ದೂರವಿಡಬೇಕು. ಗಾಳಿಗಿಂತ ಭಾರವಾದ ಆ ಅನಿಲ ಚರಂಡಿಯ ಗುಂಟ ತಗ್ಗಿಗೆ ಇಳಿಯುತ್ತಿರುವುದನ್ನು ಲೆಕ್ಕಿಸದೆ ಮುಂದೆ ಹೋದವರಿಗೆ ಪರಿಣಾಮ ಅಲ್ಲೇ ಗೊತ್ತಾಗುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬಹುದು. ಓಡಿ ಹೋಗಿ ಕಾಪಾಡುವ ಹಂಬಲವುಳ್ಳವರಿಗೆ ನಿಲ್ಲುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಆದರೆ ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪಿನೊಳಗಿನ ಸೆಕೆಯನ್ನಾಗಲಿ, ದಪ್ಪ ಕೈಗವಸು ತೊಟ್ಟು ವಾಲ್ವ್ ತಿರುಗಿಸುವ ಕಷ್ಟವನ್ನಾಗಲಿ ಹೆಡ್‌ಸೆಟ್ ಕಲಿಸಲಾರದು. ಅದಕ್ಕೆ ಟೆಕ್ಸಸ್‌ನ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿರುವಂತಹ, ನಿಜವಾದ ಬೆಂಕಿ ಹೊತ್ತಿಸಿ ಕಲಿಸುವ ಮೈದಾನವೇ ಬೇಕು.

ನಮ್ಮಲ್ಲಿ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ದೊಡ್ಡ ಕಾರ್ಖಾನೆಯ ಅನಾಹುತ ಹೊರಗಿನ ಜನರಿಗೂ ತಟ್ಟಿದಾಗ ಏನು ಮಾಡಬೇಕೆಂಬ ತುರ್ತು ಯೋಜನೆಯ ಅಣಕು ಕಾರ್ಯಾಚರಣೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಜಿಲ್ಲಾಡಳಿತ, ಪೊಲೀಸರು, ಆಸ್ಪತ್ರೆ, ಕಾರ್ಖಾನೆ ಎಲ್ಲರೂ ಒಂದೇ ಕಡೆ ಸೇರುವ ಈ ಪದ್ಧತಿ ನನಗೆ ತುಂಬ ಮೆಚ್ಚುಗೆ, ಅದನ್ನು ಕೈಬಿಡಬಾರದು. ಕೊರತೆಯೆಂದರೆ, ದಿನ ಮತ್ತು ಜಾಗ ಮೊದಲೇ ಗೊತ್ತಿರುವ ಕಡೆ ಯಾರೂ ತಪ್ಪು ನಿರ್ಧಾರ ಮಾಡಿ ಕಲಿಯುವ ಪ್ರಸಂಗವೇ ಬರುವುದಿಲ್ಲ. ಮೇಲಾಗಿ ಟ್ಯಾಂಕರ್ ಮಗುಚುವುದು ಕಾರ್ಖಾನೆಯ ಗೇಟಿನೊಳಗಲ್ಲ.

ಅಮೆರಿಕದ ಅಗಲ ರಸ್ತೆಗಳನ್ನು ತೋರಿಸುವ ತಂತ್ರಾಂಶವನ್ನು ಹಾಗೆಯೇ ಕೊಂಡು ತಂದರೆ ಶಿರಾಡಿ ಘಾಟಿಯ ತಿರುವುಗಳಿಗೆ ಅದು ಒದಗದು. ನಮ್ಮ ಟ್ಯಾಂಕರುಗಳ ಫಲಕ, ತಗ್ಗಿನಲ್ಲಿರುವ ಮನೆಗಳು, ಅಲ್ಲಿ ಉರಿಯುವ ಒಲೆ, ಹಿಂದೆ ಸಾಲುಗಟ್ಟಿ ನಿಂತ ಬಸ್ಸುಗಳು, ಮೊಬೈಲ್ ಹಿಡಿದು ಹತ್ತಿರ ಬರುವ ಜನ, ಇವೆಲ್ಲ ಅದರಲ್ಲಿರಬೇಕು, ಸೂಚನೆಗಳು ಕನ್ನಡದಲ್ಲಿರಬೇಕು. ಅದು ಬೆಂಗಳೂರಿಗಿಂತ ಮೊದಲು ಬಂಟ್ವಾಳ, ಪುತ್ತೂರು, ಸಕಲೇಶಪುರದ ಅಗ್ನಿಶಾಮಕ ಠಾಣೆಗಳಿಗೆ ತಲುಪಲಿ, ಹೆದ್ದಾರಿ ಗಸ್ತಿನ ಪೊಲೀಸರಿಗೂ ಟ್ಯಾಂಕರ್ ಚಾಲಕರಿಗೂ ಅಲ್ಲೇ ತರಬೇತಿ ಸಿಗಲಿ.